ಜೇಡರ ವಿದ್ಯೆ

ಕನ್ನಡದಲ್ಲಿ ಜೇಡ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಎಂಟು ಕಾಲಿನ ಪ್ರಾಣಿ ಒಂದು. ಮಗ್ಗದ ಮುಂದೆ ಕುಳಿತು ಬಟ್ಟೆ ನೇಯುವ ಮನುಷ್ಯ ಇನ್ನೊಂದು. ಜೇಡರ ಬಲೆ ಎಂಬಲ್ಲಿ ಮೊದಲನೆಯ ಅರ್ಥ, ಜೇಡರ ದಾಸಿಮಯ್ಯ ಎಂಬಲ್ಲಿ ಎರಡನೆಯ ಅರ್ಥ. ನೇಕಾರನಿಗೆ ಪ್ರಾಣಿಯ ಹೆಸರು ಬಂದಿತೋ, ಪ್ರಾಣಿಗೆ ನೇಕಾರನ ಹೆಸರು ಬಂದಿತೋ ಎಂಬುದನ್ನು ಭಾಷಾಶಾಸ್ತ್ರಜ್ಞರು ವಿಚಾರಿಸಲಿ. ಇಬ್ಬರ ಕಾಯಕವೂ ಒಂದೇ ಬಗೆಯದೆಂದು ನಮ್ಮ ಜನ ಕಂಡುಕೊಂಡಿದ್ದರೆಂಬುದು ಮಾತ್ರ ಸ್ಪಷ್ಟವಾಗಿದೆ.

ಶಾಸ್ತ್ರಗಳಲ್ಲಿ ಇದರ ಹೆಸರು ಊರ್ಣನಾಭ. ಮುಂಡಕೋಪನಿಷತ್ತಿನ ಮೊದಲನೆಯ ಮುಂಡಕದಲ್ಲಿ ಜಗತ್ತಿನ ಉತ್ಪತ್ತಿಯನ್ನು ವಿವರಿಸುವಾಗ ಮೊದಲು ಬರುವ ದೃಷ್ಟಾಂತವೇ ಈ ಪ್ರಾಣಿಯದು. ಅದು ನೂಲನ್ನು ತನ್ನೊಳಗಿನಿಂದ ಹೊರಬಿಡುತ್ತದೆ, ಮತ್ತೆ ತನ್ನೊಳಕ್ಕೆ ತೆಗೆದುಕೊಳ್ಳುತ್ತದೆ. ವೇದಾಂತಿಗಳಿಗೆ ಈ ದೃಷ್ಟಾಂತ ಪ್ರಿಯವಾದುದಕ್ಕೆ ಕಾರಣವಿದೆ. ಗಡಿಗೆಗೆ ಮಣ್ಣು ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ. ಅವೆರಡೂ ಬೇರೆ ಬೇರೆ. ಜೇಡನಲ್ಲಾದರೋ ದ್ರವ್ಯವೂ ಕರ್ತೃವೂ ಒಂದೇ ಒಡಲಿನಲ್ಲಿವೆ. ನೂಲನ್ನು ಮತ್ತೆ ಒಳಗೆ ತೆಗೆದುಕೊಳ್ಳುವುದೆಂಬ ಮಾತೂ ಬರಿಯ ಕಲ್ಪನೆಯಲ್ಲ. ಚಕ್ರಾಕಾರದ ಬಲೆ ಕಟ್ಟುವ ಹಲವು ಜೇಡಗಳು ಹಳೆಯ ಬಲೆಯನ್ನು ತಿಂದು ಅದರ ಸತ್ತ್ವವನ್ನು ಹೊಸ ಬಲೆಗೆ ಬಳಸುತ್ತವೆಂದು ಪ್ರಾಣಿಶಾಸ್ತ್ರಜ್ಞರು ತೋರಿಸಿದ್ದಾರೆ. ಇಷ್ಟರಿಂದ ಋಷಿಗಳಿಗೆ ಆಧುನಿಕ ರಸಾಯನಶಾಸ್ತ್ರ ತಿಳಿದಿತ್ತೆಂದು ಸಾರುವ ಚಾಪಲ್ಯ ಬೇಡ. ಅವರು ಕಣ್ಣಿಟ್ಟು ನೋಡಿದ್ದರು, ಅಷ್ಟೆ. ಅದೇನೂ ಸಣ್ಣ ಗುಣವಲ್ಲ.

ಈ ಒಂದೇ ಒಡಲಿನ ಕೆಲಸವನ್ನು ಎರಡಾಗಿ ಬಿಡಿಸಿ, ಜೇಡನಿಲ್ಲದೆ ಜೇಡನ ನೂಲನ್ನು ಪ್ರಯೋಗಾಲಯದಲ್ಲಿ ತೆಗೆಯಬೇಕೆಂಬ ಪ್ರಯತ್ನ ಮೂರು ದಶಕಗಳಿಗೂ ಮಿಕ್ಕಿ ಹಲವು ದೇಶಗಳಲ್ಲಿ ನಡೆದುಬಂದಿದೆ. ಇದು ತಂತ್ರಜ್ಞರ ವಿಷಯ, ಮಠದ ಪತ್ರಿಕೆಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಮನುಷ್ಯನು ಇನ್ನೊಂದು ಜೀವಿಯಿಂದ ಏನನ್ನು, ಯಾವ ರೀತಿಯಿಂದ ಪಡೆಯಬಹುದು ಎಂಬ ಹಳೆಯ ಧರ್ಮಪ್ರಶ್ನೆ ಈ ತೆಳ್ಳನೆಯ ಎಳೆಯಲ್ಲಿ ಸಿಕ್ಕಿಕೊಂಡಿರುವಷ್ಟು ಸ್ಪಷ್ಟವಾಗಿ ಬೇರೆಡೆಯಲ್ಲಿ ಕಾಣುವುದು ಅಪರೂಪ. ಆದುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ, ತಾಳ್ಮೆಯಿಂದ ಓದಬೇಕು.

ಮೊದಲು ಆ ನೂಲಿನ ಗುಣವೇನು ಎಂಬುದನ್ನು ತಿಳಿಯೋಣ. ಜೇಡನ ನೂಲು ಉಕ್ಕಿಗಿಂತ ಐದು ಪಾಲು ಬಲವಾದುದೆಂದು ಎಲ್ಲರೂ ಹೇಳುತ್ತಾರೆ. ಈ ಮಾತನ್ನು ಹಾಗೆಯೇ ನುಂಗಬಾರದು. ಒಂದೇ ದಪ್ಪದ ಎಳೆಗಳನ್ನು ಹೋಲಿಸಿದರೆ ಜೇಡನ ನೂಲು ಒಳ್ಳೆಯ ಉಕ್ಕಿನ ತಂತಿಗೆ ಸರಿಸಮಾನವೋ, ತುಸು ಕಡಿಮೆಯೋ ಆದೀತು. ಆದರೆ ಉಕ್ಕು ನೀರಿಗಿಂತ ಸುಮಾರು ಏಳೂಮುಕ್ಕಾಲು ಪಾಲು ಭಾರ, ಜೇಡನ ನೂಲು ಒಂದೂಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು. ತೂಕಕ್ಕೆ ತೂಕ ಇಟ್ಟು ನೋಡಿದಾಗಲೇ ಆ ಐದು ಪಾಲಿನ ಮಾತು ಹೊಂದುವುದು. ಕೆವ್ಲಾರ್ ಎಂಬ ಕೃತಕ ನಾರಂತೂ, ಗುಂಡು ತಡೆಯುವ ಕವಚಗಳಿಗೆ ಬಳಸುವಂಥದು, ಬಲದಲ್ಲಿ ಜೇಡನ ನೂಲನ್ನು ಸುಲಭವಾಗಿ ಮೀರಿಸುತ್ತದೆ. ಜೇಡನ ನೂಲಿನ ಹೆಚ್ಚುಗಾರಿಕೆ ಇರುವುದು ಬೇರೊಂದು ಗುಣದಲ್ಲಿ. ಅದು ಹರಿಯುವ ಮುನ್ನ ತನ್ನ ಉದ್ದದ ಕಾಲುಭಾಗಕ್ಕೂ ಮಿಕ್ಕಿ ಹಿಗ್ಗುತ್ತದೆ. ಹಿಗ್ಗುತ್ತ ಹಿಗ್ಗುತ್ತ ಹೊಡೆತದ ವೇಗವನ್ನು ತನ್ನಲ್ಲೇ ಅರಗಿಸಿಕೊಳ್ಳುತ್ತದೆ. ಹೀಗೆ ಅರಗಿಸಿಕೊಳ್ಳುವ ಶಕ್ತಿಯಲ್ಲಿ ಅದು ಕೆವ್ಲಾರಿಗಿಂತ ಸುಮಾರು ಮೂರು ಪಾಲು ಮೇಲು. ಹಾರಿಬಂದ ನೊಣ ಬಲೆಯನ್ನು ಹರಿದುಕೊಂಡು ಹೋಗದಿರುವುದು ಈ ಗುಣದಿಂದಲೇ. ವಿಜ್ಞಾನಿಗಳು ಬಲಕ್ಕೆ ಒಂದು ಹೆಸರು, ಈ ತಾಳುವಿಕೆಗೆ ಇನ್ನೊಂದು ಹೆಸರಿಟ್ಟು ಬೇರೆಬೇರೆಯಾಗಿ ಅಳೆಯುತ್ತಾರೆ. ಪತ್ರಿಕೆಗಳಲ್ಲಿ ಬರುವಾಗ ಎರಡೂ ಕಲಸಿಹೋಗಿರುತ್ತವೆ.

ಇಂತಹ ನೂಲು ಮನುಷ್ಯನ ಕಣ್ಣಿಗೆ ಬೀಳದಿರಲು ಸಾಧ್ಯವೇ? 1709ರಲ್ಲಿ ಫ್ರಾನ್ಸಿನ ಮಾಂಟ್‌ಪೆಲಿಯೆ ನಗರದ ಬಾನ್ ಎಂಬಾತನು ಜೇಡಗಳ ಮೊಟ್ಟೆಚೀಲದ ಎಳೆಗಳಿಂದ ಕೈಚೀಲ, ಕಾಲುಚೀಲಗಳನ್ನು ಮಾಡಿಸಿ ತೋರಿಸಿದನು. ಇದರಿಂದ ಒಂದು ಉದ್ಯಮ ಬೆಳೆದೀತೇ ಎಂದು ಪರೀಕ್ಷಿಸಲು ಪ್ಯಾರಿಸಿನ ವಿಜ್ಞಾನ ಅಕಾಡೆಮಿ ರೇಮೂರ್ ಎಂಬ ಪ್ರಸಿದ್ಧ ವಿದ್ವಾಂಸನನ್ನು ನಿಯಮಿಸಿತು. ಆತನ ಉತ್ತರ ನಿರಾಶಾದಾಯಕವಾಗಿತ್ತು. ರೇಷ್ಮೆ ಹುಳುಗಳಂತೆ ಜೇಡಗಳನ್ನು ಒಟ್ಟಿಗೆ ಸಾಕಲು ಬಾರದು. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಜೇಡನ ಸ್ವಾತಂತ್ರ್ಯವನ್ನು ಇಂದಿನವರೆಗೆ ಕಾಪಾಡಿದ್ದು ನಮ್ಮ ದಯೆಯಲ್ಲ, ಅದರ ಈ ದುರ್ಗುಣ!

ಆದರೂ ಆಸೆ ಬತ್ತಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮಡಗಾಸ್ಕರ್ ದ್ವೀಪದಲ್ಲಿ ಕಾಂಬೂಯೆ ಎಂಬ ಕ್ರೈಸ್ತ ಪಾದ್ರಿ ಅಲ್ಲಿಯ ದೊಡ್ಡ ಹೊನ್ನಬಣ್ಣದ ಜೇಡಗಳಿಂದ ಜೀವಂತವಾಗಿಯೇ ನೂಲೆಳೆಯುವ ಪ್ರಯೋಗಗಳನ್ನು ನಡೆಸಿದನು. ಅದೇ ದ್ವೀಪದಲ್ಲಿ ಅದೇ ಮಾದರಿಯ ಯಂತ್ರವನ್ನು ಮತ್ತೆ ಕಟ್ಟಿಸಿ, ಸೈಮನ್ ಪಿಯರ್ಸ್ ಮತ್ತು ನಿಕೊಲಸ್ ಗಾಡ್ಲಿ ಎಂಬ ಇಬ್ಬರು ಹನ್ನೊಂದು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ವಸ್ತ್ರವನ್ನು ನೇಯಿಸಿದರು. 2009ರಲ್ಲಿ ಅದು ನ್ಯೂಯಾರ್ಕಿನ ಪ್ರಕೃತಿವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾಯಿತು. ಆ ಒಂದು ವಸ್ತ್ರಕ್ಕಾಗಿ ಹತ್ತು ಲಕ್ಷಕ್ಕೂ ಹೆಚ್ಚು ಜೇಡಗಳನ್ನು ಹಿಡಿಯಬೇಕಾಯಿತು. ಎಪ್ಪತ್ತು ಮಂದಿ ನಾಲ್ಕು ವರ್ಷ ದುಡಿದರು. ಇಪ್ಪತ್ತನಾಲ್ಕು ಜೇಡಗಳನ್ನು ಒಮ್ಮೆಗೆ ಯಂತ್ರಕ್ಕೆ ಸಿಕ್ಕಿಸಿ, ಅವುಗಳ ಒಡಲಿನಿಂದ ನೂಲನ್ನು ಕೈಯಿಂದ ತಿರುಗಿಸಿ ಸುತ್ತಿಕೊಂಡು, ಮತ್ತೆ ಕಾಡಿಗೆ ಬಿಡುತ್ತಿದ್ದರಂತೆ. ವಸ್ತ್ರಕ್ಕೆ ಬಣ್ಣ ಹಾಕಿರಲಿಲ್ಲ, ಹೊಂಬಣ್ಣ ನೂಲಿನದೇ. ಅದು ಸುಂದರವಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಬ್ಬರ ಹೆಗಲ ಮೇಲಿನ ಒಂದು ಬಟ್ಟೆಗೆ ಹತ್ತು ಲಕ್ಷ ಜೀವಗಳನ್ನು ಹಿಡಿದು ಬಿಡುವುದು ರಾಜವೈಭವದ ವಿಷಯ, ಲೋಕೋಪಯೋಗದ ವಿಷಯವಲ್ಲ.

ಹಿಡಿಯುವ ದಾರಿ ಮುಗಿದಲ್ಲಿ ಇನ್ನೊಂದು ದಾರಿ ತೆರೆಯಿತು. 1990ರಲ್ಲಿ ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ರ‍್ಯಾಂಡಾಲ್ಫ್ ಲೂಯಿಸ್ ಮತ್ತು ಅವರ ಸಹೋದ್ಯೋಗಿ ಜೇಡನೂಲಿನ ಪ್ರೋಟೀನಿನ ವಂಶವಾಹಿಯ ಒಂದು ಭಾಗವನ್ನು ಓದಿ ಪ್ರಕಟಿಸಿದರು. ವಂಶವಾಹಿ ಕೈಗೆ ಸಿಕ್ಕಿತೆಂದರೆ ಅದನ್ನು ಬೇರೊಂದು ಜೀವಿಯಲ್ಲಿಟ್ಟು ಅದೇ ದ್ರವ್ಯವನ್ನು ಮಾಡಿಸಬಹುದು. ಕೆನಡಾದ ನೆಕ್ಸಿಯಾ ಎಂಬ ಸಂಸ್ಥೆ ಆ ವಂಶವಾಹಿಯನ್ನು ಆಡುಗಳಲ್ಲಿ ಸೇರಿಸಿತು. ಆಡಿನ ಹಾಲಿನಲ್ಲಿ ಜೇಡನ ಪ್ರೋಟೀನು ಬಂದಿತು. ಸಸ್ತನಿಗಳ ಜೀವಕೋಶಗಳಲ್ಲಿ ತಯಾರಿಸಿದ ಪ್ರೋಟೀನಿನಿಂದ ಎಳೆ ತೆಗೆದ ವರದಿಯನ್ನು 2002ರಲ್ಲಿ ಆ ಸಂಸ್ಥೆಯವರು ಅಮೆರಿಕದ ಸೈನ್ಯದ ಸಂಶೋಧಕರೊಡನೆ ಪ್ರಕಟಿಸಿದಾಗ ಜಗತ್ತೆಲ್ಲ ಬೆರಗಾಯಿತು. ಇನ್ನೇನು ಜೇಡನ ನೂಲಿನ ಹಗ್ಗ, ಕವಚಗಳು ಅಂಗಡಿಗೆ ಬಂದವೆಂದೇ ಎಲ್ಲರೂ ಭಾವಿಸಿದರು.

ಬರಲಿಲ್ಲ. ಎಳೆಯ ಬಲ ಜೇಡನ ನೂಲಿನ ಬಲಕ್ಕೆ ಏರಲಿಲ್ಲ. ಸಂಸ್ಥೆಯೂ ಹೆಚ್ಚು ಕಾಲ ಬಾಳಲಿಲ್ಲ. ಕಾರಣಗಳು ಹಲವು. ಜೇಡನ ಪ್ರೋಟೀನು ಮೂರು ಸಾವಿರಕ್ಕೂ ಮಿಕ್ಕ ಕೊಂಡಿಗಳ ಬಹು ಉದ್ದನೆಯ ಸರಪಣಿ. ಬೇರೆ ಜೀವಿಗಳಲ್ಲಿ ಮಾಡಿಸಿದುದು ಅದರ ತುಂಡು. ಆದರೆ ಅದಕ್ಕಿಂತ ಆಳವಾದ ಕಾರಣವೊಂದಿತ್ತು. ದ್ರವ್ಯ ದೊರೆತರೆ ನೂಲು ದೊರೆತಂತೆಯೇ ಎಂದು ಎಲ್ಲರೂ ನಂಬಿದ್ದರು. ಉಪಾದಾನವನ್ನು ಪಡೆದರು, ನಿಮಿತ್ತ ಜೇಡನ ಬಳಿಯಲ್ಲೇ ಉಳಿದುಹೋಗಿತ್ತು. ಅಕ್ಕಿ, ಬೇಳೆ, ಉಪ್ಪು ಎಲ್ಲವನ್ನೂ ತಂದು ಅಡುಗೆಯವಳನ್ನು ಕರೆಯದೆ ಬಂದಂತಾಯಿತು.

ಹಾಗಾದರೆ ಜೇಡ ಮಾಡುವುದಾದರೂ ಏನು? ಆಕ್ಸ್‌ಫರ್ಡಿನ ಫ್ರಿಟ್ಸ್ ವೋಲ್ರಾತ್ ಮತ್ತು ಡೇವಿಡ್ ನೈಟ್ 2001ರಲ್ಲಿ ಬರೆದ ಒಂದು ಲೇಖನ ಈ ಪ್ರಶ್ನೆಯ ಕಡೆಗೆ ವಿದ್ವಾಂಸರ ಗಮನವನ್ನು ಬಲವಾಗಿ ಸೆಳೆಯಿತು. ಜೇಡನ ಹೊಟ್ಟೆಯ ಗ್ರಂಥಿಯಲ್ಲಿ ಪ್ರೋಟೀನು ನೀರಿನಲ್ಲಿ ಕರಗಿ ಜೇನಿನಂತೆ ಗಟ್ಟಿಯಾಗಿ ನಿಂತಿರುತ್ತದೆ. ಅಷ್ಟು ಗಟ್ಟಿಯಾದ ದ್ರವ ಹೆಪ್ಪುಗಟ್ಟದೆ ಇರುವುದೇ ಒಂದು ಸೋಜಿಗ. ಅಲ್ಲಿಂದ ಅದು ಕ್ರಮೇಣ ಕಿರಿದಾಗುತ್ತ ಹೋಗುವ ಬಾಗುಬಾಗಾದ ನಾಳದಲ್ಲಿ ಹರಿಯುತ್ತದೆ. ಹರಿಯುವಾಗ ಒಂದು ಕಡೆಯಿಂದ ಉಪ್ಪಿನ ಅಂಶಗಳು ಬದಲಾಗುತ್ತವೆ, ಇನ್ನೊಂದು ಕಡೆಯಿಂದ ಹುಳಿ ಮೆಲ್ಲಮೆಲ್ಲಗೆ ಏರುತ್ತದೆ. ಹುಳಿ ಏರಿದಂತೆ ಸರಪಣಿಗಳ ಒಂದು ತುದಿ ಜೊತೆಗೂಡಿ ಕೊಂಡಿ ಹಾಕಿಕೊಳ್ಳುತ್ತದೆ, ಇನ್ನೊಂದು ತುದಿ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಜೇಡ ತನ್ನ ಕಾಲಿನಿಂದಲೋ, ಕೆಳಕ್ಕಿಳಿಯುವಾಗ ತನ್ನ ಮೈಭಾರದಿಂದಲೋ ಎಳೆಯುತ್ತದೆ. ಆ ಎಳೆತದಲ್ಲಿ ಸರಪಣಿಗಳು ಸಾಲಾಗಿ ನಿಂತು, ಕೆಲವೆಡೆ ಗಟ್ಟಿಯಾದ ಹರಳುಗಳಾಗಿ ಹೆಣೆದುಕೊಂಡು, ನಡುನಡುವೆ ಮೆತ್ತಗೆ ಉಳಿದು, ಘನವಾದ ನೂಲಾಗುತ್ತವೆ. ಹರಳು ಬಲವನ್ನು ಕೊಡುತ್ತದೆ, ಮೆತ್ತಗಿನ ಭಾಗ ಹಿಗ್ಗುವಿಕೆಯನ್ನು ಕೊಡುತ್ತದೆ. ಇಷ್ಟೂ ನಡೆಯುವುದು ನೀರಿನಲ್ಲಿ, ನಮ್ಮ ಮನೆಯ ಪಡಸಾಲೆಯ ಉಷ್ಣತೆಯಲ್ಲಿ. ಕೆವ್ಲಾರನ್ನು ನೂಲಬೇಕಾದರೆ ಸಾಂದ್ರ ಗಂಧಕಾಮ್ಲದಲ್ಲಿ ಕರಗಿಸಬೇಕು. ನೊಣ, ಸೊಳ್ಳೆಗಳನ್ನು ತಿಂದು ಬದುಕುವ ಪ್ರಾಣಿಯ ಕಾರ್ಖಾನೆ ಇದು!

ಈ ಕ್ರಮವನ್ನು ಅರಿತಮೇಲೆ ಕೆಲಸದ ಸ್ವರೂಪವೇ ಬದಲಾಯಿತು. ಸ್ವೀಡನ್ ದೇಶದಲ್ಲಿ ಅನ್ನಾ ರೈಸಿಂಗ್, ಯಾನ್ ಯೊಹಾನ್ಸನ್ ಮತ್ತು ಅವರ ತಂಡದವರು ಎರಡು ಬೇರೆಬೇರೆ ಜಾತಿಯ ಜೇಡಗಳ ಪ್ರೋಟೀನಿನ ತುದಿಗಳನ್ನು ಜೋಡಿಸಿ ಒಂದು ಪುಟ್ಟ ಪ್ರೋಟೀನನ್ನು ರಚಿಸಿದರು. ಅದನ್ನು ಬ್ಯಾಕ್ಟೀರಿಯಾಗಳಲ್ಲಿ ಬೆಳೆಸಿದರು. ಜೇಡನ ಹೊಟ್ಟೆಯಲ್ಲಿರುವಂತೆಯೇ ನೀರಿನಲ್ಲಿ ಗಟ್ಟಿಯಾಗಿ ಕರಗಿಸಿದರು. ಸೂಜಿಯಂತೆ ಕಿರಿದಾದ ಗಾಜಿನ ನಳಿಕೆಯ ಮೂಲಕ ತಿಳಿಹುಳಿಯಾದ ನೀರಿಗೆ ಬಿಟ್ಟರು. ನೂಲು ತಾನಾಗಿ ಕೂಡಿತು. 2017ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಒಂದು ಲೀಟರು ಬ್ಯಾಕ್ಟೀರಿಯಾ ಕೃಷಿಯಿಂದ ಒಂದು ಕಿಲೋಮೀಟರು ನೂಲಿಗೆ ಸಾಕಾಗುವಷ್ಟು ಪ್ರೋಟೀನು ದೊರೆಯುತ್ತದೆ. ನಮ್ಮ ಮನಸ್ಸಿಗೆ ಅತ್ಯಂತ ಹಿಡಿಸಿದ ಪ್ರಯೋಗ ಇದು. ಇಲ್ಲಿ ಜೇಡವನ್ನು ಹಿಡಿದಿಲ್ಲ, ಹಿಂಡಿಲ್ಲ. ಅದರ ಮುಂದೆ ಶಿಷ್ಯರಂತೆ ಕುಳಿತು ಪಾಠ ಕಲಿತಿದ್ದಾರೆ.

ಕಲಿತವರಿಗೂ ಪಾಠ ಮುಗಿಯುವುದಿಲ್ಲವೆಂಬುದಕ್ಕೆ ಜಪಾನಿನ ಒಂದು ಉದಾಹರಣೆ ಇದೆ. ಅಲ್ಲಿಯ ಸ್ಪೈಬರ್ ಸಂಸ್ಥೆ 2015ರಲ್ಲಿ ಇಂತಹ ನೂಲಿನಿಂದ ಮಾಡಿದ ಒಂದು ಚಳಿಯಂಗಿಯ ಮಾದರಿಯನ್ನು ಹೊರತಂದಿತು. ಆದರೆ ಜೇಡನ ನೂಲಿಗೆ ಒಂದು ವಿಚಿತ್ರ ಸ್ವಭಾವವುಂಟು. ನೆನೆದರೆ ಅದು ಅರ್ಧದವರೆಗೂ ಮುದುಡಬಲ್ಲದು. ಬಲೆಯಲ್ಲಿ ಈ ಗುಣ ಉಪಯುಕ್ತ, ಏಕೆಂದರೆ ಇಬ್ಬನಿ ಬಿದ್ದು ಸಡಿಲವಾದ ಬಲೆ ಮತ್ತೆ ಬಿಗಿಯುತ್ತದೆ. ಮಳೆಯಲ್ಲಿ ಹೋಗುವ ಮನುಷ್ಯನ ಅಂಗಿಗೆ ಇದರಿಂದಾಗುವ ಗತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. ಪ್ರೋಟೀನನ್ನೇ ತಿದ್ದಿ ಬರೆದು, 2019ರಲ್ಲಿ ಐವತ್ತು ಅಂಗಿಗಳನ್ನು ಮಾತ್ರ ಮಾರಾಟಕ್ಕೆ ತಂದರು. ಜೇಡಕ್ಕೆ ಗುಣವಾದುದು ನಮಗೂ ಗುಣವಾಗಬೇಕೆಂದೇನಿದೆ? ಅದು ತನಗಾಗಿ ನೂತುದನ್ನು ನಾವು ನಮಗಾಗಿ ಬೇಡುತ್ತಿದ್ದೇವೆ.

ಇಲ್ಲಿಯವರೆಗಿನ ಕಥೆಯನ್ನು ಕೇಳಿ, ಹಿಡಿದವರು ಸೋತರು, ಕಸಿದವರು ಸೋತರು, ಕಲಿತವರು ಗೆದ್ದರು ಎಂದು ಪುರಾಣದ ಫಲಶ್ರುತಿಯಂತೆ ಮುಗಿಸಿಬಿಡುವ ಆಸೆ ಯಾರಿಗಾದರೂ ಆದೀತು. ಹಾಗೆ ಮುಗಿಸಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಸ್ವೀಡನ್ನಿನ ಆ ಸಾತ್ತ್ವಿಕವಾದ ನೂಲು ಬಲದಲ್ಲಿ ಜೇಡನ ನೂಲಿಗಿಂತ ಬಹಳ ಕೆಳಗಿತ್ತು. 2018ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಬಹು ಉದ್ದನೆಯ ಪ್ರೋಟೀನನ್ನು ರಚಿಸಿ ಜೇಡನ ಬಲಕ್ಕೆ ಸಮೀಪವಾದ, ಒಂದು ಸಾವಿರ ಮೆಗಾಪ್ಯಾಸ್ಕಲಿಗೆ ಮಿಕ್ಕ ಬಲದ ಎಳೆಯನ್ನು ತೆಗೆದರು. ಆದರೆ ಅವರು ಬಳಸಿದುದು ನೀರನ್ನಲ್ಲ, ಉಗ್ರವಾದ ದ್ರಾವಕವನ್ನು. 2023ರಲ್ಲಿ ಚೀನಾದ ಡೊಂಗ್‌ಹುವಾ ವಿಶ್ವವಿದ್ಯಾಲಯದವರು ರೇಷ್ಮೆ ಹುಳುವಿನ ವಂಶವಾಹಿಯನ್ನು ಕತ್ತರಿಸಿ ಜೇಡನ ವಂಶವಾಹಿಯನ್ನು ಕೂಡಿಸಿದರು. ಹುಳು ಜೇಡನ ನೂಲನ್ನು ನೂತಿತು. ಅದರ ಬಲ 1,299 ಮೆಗಾಪ್ಯಾಸ್ಕಲ್, ತಾಳುವಿಕೆ ಕೆವ್ಲಾರಿನ ಆರು ಪಾಲು. ಈಗಿರುವ ರೇಷ್ಮೆ ಕೃಷಿಯ ಪದ್ಧತಿಯಲ್ಲೇ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಬಹುದೆಂಬುದು ಈ ದಾರಿಯ ಆಕರ್ಷಣೆ. ಈಗಿರುವ ಪದ್ಧತಿಯೆಂದರೆ ಗೂಡಿನೊಳಗಿನ ಜೀವವನ್ನು ಕೊಲ್ಲುವ ಪದ್ಧತಿ.

ಆದುದರಿಂದ ಧರ್ಮಪ್ರಶ್ನೆಯನ್ನು ಯಶಸ್ಸಿನ ತಕ್ಕಡಿಯಲ್ಲಿಟ್ಟು ತೂಗಲು ಬರುವುದಿಲ್ಲ. ಸೌಮ್ಯವಾದ ದಾರಿಯೇ ಬಲವಾದ ನೂಲನ್ನೂ ಕೊಟ್ಟಿದ್ದರೆ ನಮಗೆ ವಿಚಾರಮಾಡುವ ಶ್ರಮವೇ ಇರುತ್ತಿರಲಿಲ್ಲ.

ನಮ್ಮ ಅಭಿಪ್ರಾಯವನ್ನು ಹೇಳುತ್ತೇವೆ. ಒಂದು ಜೀವಿಯ ಒಡಲನ್ನು ಪಡೆಯುವುದು ಬೇರೆ, ಅದರ ವಿದ್ಯೆಯನ್ನು ಪಡೆಯುವುದು ಬೇರೆ. ಒಡಲನ್ನು ಪಡೆದರೆ ಅದು ಕಳೆದುಕೊಳ್ಳುತ್ತದೆ. ವಿದ್ಯೆಯನ್ನು ಪಡೆದರೆ ಅದರಲ್ಲಿ ಏನೂ ಕುಂದುವುದಿಲ್ಲ. ಸ್ವೀಡನ್ನಿನಲ್ಲಿ ಮೈಲಿಗಟ್ಟಲೆ ನೂಲು ತೆಗೆದರೂ ನಮ್ಮ ದೇವಾಲಯದ ಗೋಪುರದ ಜೇಡಕ್ಕೆ ಒಂದು ಎಳೆಯೂ ಕಡಿಮೆಯಾಗುವುದಿಲ್ಲ. ಹೀಗೆ ಕಲಿತ ವಿದ್ಯೆಯ ಮೇಲೆ ಹಕ್ಕುಪತ್ರ ಬರೆಸಿಕೊಂಡು ಇದು ನನ್ನದೆನ್ನುವವರನ್ನು ಕಂಡಾಗ ಮಾತ್ರ ನಗು ಬರುತ್ತದೆ. ದುಡಿದವನಿಗೆ ಪ್ರತಿಫಲ ಬೇಡವೆನ್ನುವುದಿಲ್ಲ. ಗುರುವಿನ ಹೆಸರನ್ನು ಅಳಿಸಿ ಬರೆಯುವುದು ಬೇಡ. ಬ್ಯಾಕ್ಟೀರಿಯಾಗಳಿಗೆ ಉಣಿಸುವ ಸಕ್ಕರೆ ಯಾವುದೋ ಹೊಲದಿಂದ ಬರಬೇಕು, ಅಲ್ಲಿಯೂ ನೀರು, ನೆಲ, ದುಡಿಮೆ ವೆಚ್ಚವಾಗುತ್ತವೆ ಎಂಬ ಆಕ್ಷೇಪಣೆಯೂ ಸರಿಯೇ. ಏನನ್ನೂ ವೆಚ್ಚಮಾಡದೆ ಬರುವ ನೂಲು ಯಾವ ಲೋಕದಲ್ಲಿಯೂ ಇಲ್ಲ. ಆದರೆ ವೆಚ್ಚಕ್ಕೂ ವಧೆಗೂ ಇರುವ ಅಂತರವನ್ನು ಮರೆಯಬಾರದು.

ಆಡಿನ ವಿಷಯದಲ್ಲಿ ನಮಗೆ ಅಷ್ಟು ಖಚಿತವಾಗಿ ನುಡಿಯಲು ಆಗದು. ಆಡು ಎಂದಿನಂತೆ ಮೇಯುತ್ತದೆ, ಎಂದಿನಂತೆ ಹಾಲು ಕೊಡುತ್ತದೆ, ಅದಕ್ಕೆ ನೋವಿಲ್ಲವೆನ್ನುತ್ತಾರೆ. ಇರಬಹುದು. ತನ್ನ ಮರಿಗಾಗಿ ಸುರಿಸುವ ಹಾಲಿನಲ್ಲಿ ಮರಿಗೆ ಬೇಡದ ವಸ್ತುವನ್ನು ಇಡುವ ಆ ಕೈಗೆ ಒಂದು ಕ್ಷಣದ ಅಳುಕಾದರೂ ಇರಬೇಕೆಂದು ಮಾತ್ರ ಅನ್ನಿಸುತ್ತದೆ.

ಇನ್ನು ನಮ್ಮ ನಾಡಿನ ಮಾತು. ಹಿಪ್ಪುನೇರಳೆ ರೇಷ್ಮೆಯಲ್ಲಿ ಕರ್ನಾಟಕವು ಭಾರತಕ್ಕೆ ಮೊದಲನೆಯದು. ಹುಳು ಸಾಕುವ ಮನೆಗೆ ಹೋದವರಿಗೆ ಅಲ್ಲಿಯ ಅಕ್ಕರೆ ಗೊತ್ತು. ನಾಲ್ಕು ಜ್ವರಗಳನ್ನು ದಾಟಿಸಬೇಕು, ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಸೆಕೆಯಾಗಬಾರದು, ತಂಡಿಯಾಗಬಾರದು, ರಾತ್ರಿ ಎದ್ದು ನೋಡಬೇಕು. ಹಸುಗೂಸಿನ ಬಾಣಂತನವೂ ಅಷ್ಟೊಂದು ಎಚ್ಚರಿಕೆಯದಲ್ಲ. ಹಣ್ಣಾದ ಹುಳು ಚಂದ್ರಿಕೆಗೆ ಏರಿ ಗೂಡು ಕಟ್ಟುತ್ತದೆ. ಗೂಡು ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿಂದ ನೂಲು ಬಿಚ್ಚುವವನ ಬಳಿಗೆ. ಪತಂಗವಾಗಿ ಹೊರಬರಲು ಬಿಟ್ಟರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ. ಆದುದರಿಂದ ಹಬೆಯಲ್ಲಿಯೋ ಬಿಸಿನೀರಿನಲ್ಲಿಯೋ ಅದನ್ನು ಕೊಲ್ಲುವುದು. ಒಂದು ಸೀರೆಗೆ ಸಾವಿರಾರು ಗೂಡುಗಳು. ಸಾಕಿದವನು ಕೊಲ್ಲಲಿಲ್ಲ, ಕೊಂದವನು ಉಡಲಿಲ್ಲ, ಉಟ್ಟವನು ನೋಡಲಿಲ್ಲ. ಹಿಂಸೆ ಮೂರು ಪಾಲಾಗಿ ಹಂಚಿಹೋಗಿ ಯಾರ ಪಾಲಿಗೂ ಬಾರದಂತಾಗಿದೆ.

ಸಾಕುವ ರೈತನನ್ನಾಗಲಿ ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ಎಳೆ ಹಿಡಿಯುವ ಹೆಣ್ಣುಮಗಳನ್ನಾಗಲಿ ದೂರುವುದು ನಮ್ಮ ಉದ್ದೇಶವಲ್ಲ. ಲಕ್ಷಾಂತರ ಕುಟುಂಬಗಳ ಅನ್ನ ಅದು. ಪ್ರಯೋಗಾಲಯದ ನೂಲು ನಾಳೆ ಅಗ್ಗವಾಗಿ ಬಂದರೆ ಮೊದಲು ಬೀದಿಗೆ ಬೀಳುವವರು ಅವರೇ. ಹುಳುವಿನ ಮೇಲೆ ದಯೆಯಿರುವವರು ಈ ಮಾತನ್ನೂ ಎಣಿಸಬೇಕು. ನಮ್ಮ ಪ್ರಶ್ನೆ ಉಡುವವರಿಗೆ. ಶಸ್ತ್ರವೈದ್ಯನಿಗೆ ಗಾಯ ಹೊಲಿಯಲು ನೂಲು ಬೇಕು, ಅಲ್ಲಿ ಅನಿವಾರ್ಯತೆಯ ಮಾತು ಸಲ್ಲುತ್ತದೆ. ಅಂತಹ ಕಡೆಗೆ ಜೇಡನ ವಿದ್ಯೆ ಬೇಗ ಒದಗಲೆಂದು ಹಾರೈಸುತ್ತೇವೆ. ಉಡುವ ರೇಷ್ಮೆಗೆ ಬದಲು ಹುಡುಕಿಕೊಂಡು ಸ್ವೀಡನ್ನಿಗೂ ಜಪಾನಿಗೂ ಹೋಗಬೇಕಾಗಿಯೇ ಇಲ್ಲ. ಹತ್ತಿ ನಮ್ಮ ಹೊಲದಲ್ಲಿದೆ, ಅಂದಿನಿಂದಲೂ ಇತ್ತು.

ಪೂಜೆಗೆ ರೇಷ್ಮೆಯೇ ಮಡಿ, ಹತ್ತಿಯನ್ನು ಒಗೆದು ಉಡಬೇಕು, ರೇಷ್ಮೆಗೆ ಆ ತೊಂದರೆಯಿಲ್ಲ ಎಂದು ಹೇಳುವ ಭಕ್ತರು ನಮ್ಮಲ್ಲಿಯೂ ಇದ್ದಾರೆ. ಒಗೆಯುವ ಶ್ರಮವನ್ನು ಉಳಿಸಿದುದು ಶುದ್ಧಿಯ ಲಕ್ಷಣವೆಂದು ಯಾವ ಆಗಮವೂ ಹೇಳಿದಂತೆ ನಮಗೆ ಕಂಡಿಲ್ಲ. ರಾಮನಗರ, ಶಿಡ್ಲಘಟ್ಟಗಳು ದೂರವೇನೂ ಅಲ್ಲ. ಮುಂದಿನ ಮಡಿಯನ್ನು ಕೊಳ್ಳುವ ಮುನ್ನ ಒಂದು ಬೆಳಗ್ಗೆ ಅಲ್ಲಿಗೆ ಹೋಗಿ, ನೂಲು ಬಿಚ್ಚುವ ಕೊಟ್ಟಿಗೆಯಲ್ಲಿ ಬೋಗುಣಿಯ ಪಕ್ಕಕ್ಕೆ ಅರ್ಧ ಗಂಟೆ ನಿಂತು ಬರಲಿ. ಆಮೇಲೂ ಉಡಬೇಕೆನ್ನಿಸಿದರೆ ಉಡಲಿ. ನಾವು ಕೈಹಿಡಿದು ತಡೆಯುವುದಿಲ್ಲ.